ಎಡಗಾಲಿನ ಪಾಲು

ಐದು ಸಿಂಹಗಳು ಆಕಾಶಕ್ಕೆ ನೆಗೆಯುತ್ತವೆ. ಒಂದರ ಕಾಲು ಮಡಚಿಕೊಳ್ಳುತ್ತದೆ, ಇನ್ನೊಂದರ ಬೆನ್ನು ಸೆಟೆಯುತ್ತದೆ, ಕೊಂಡಿಗೆ ಕೊಂಡಿ ಕೂಡುತ್ತದೆ. ಕೆಂಪು ಸಿಂಹ ಬಲಗೈ, ಹಸಿರು ಎಡಗೈ, ನೀಲಿ ಬಲಗಾಲು, ಹಳದಿ ಎಡಗಾಲು. ಕಪ್ಪು ಸಿಂಹ ಮುಂಡವೂ ಆಗಿ ತಲೆಯೂ ಆಗುತ್ತದೆ. ಈಗ ಅಲ್ಲಿ ಐದು ಸಿಂಹಗಳಿಲ್ಲ, ವೋಲ್ಟ್ರಾನ್ ಎಂಬ ಒಬ್ಬ ದೈತ್ಯನಿದ್ದಾನೆ. ಅವನ ಎರಡು ಕೈಗಳು ಕೂಡಿದಾಗ ಕತ್ತಿ ಹುಟ್ಟುತ್ತದೆ, ಒಂದೇ ಏಟಿಗೆ ಎದುರಿನ ರಾಕ್ಷಸ ಎರಡು ಹೋಳಾಗುತ್ತಾನೆ.

ಕತ್ತಿ ಬೀಸಿ ಎಂದದ್ದು ತಲೆಯಲ್ಲಿ ಕೂತವನು. ಬೀಸಿದ್ದು ಕೈಗಳಲ್ಲಿ ಕೂತವರು. ಹಾಗಾದರೆ ಎಡಗಾಲಿನಲ್ಲಿ ಕೂತವನು ಏನು ಮಾಡಿದ? ನಿಂತ, ಅಷ್ಟೇ. ಆದರೆ ಅವನು ನಿಲ್ಲದಿದ್ದರೆ ಕತ್ತಿ ಬೀಸುವುದಿರಲಿ, ದೈತ್ಯ ನೆಟ್ಟಗೆ ಎದ್ದು ನಿಲ್ಲುವುದೂ ಸಾಧ್ಯವಿರಲಿಲ್ಲ. ಸತ್ತದ್ದು ರಾಕ್ಷಸನಾದರೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗೆಲುವಿನಲ್ಲಿ ಐವರಿಗೂ ಪಾಲಿದೆ ಎಂದು ಖುಷಿಯಾಗಿ ಒಪ್ಪಿಬಿಡುತ್ತೇವೆ. ಆದರೆ ಕತ್ತಿ ಗುರಿ ತಪ್ಪಿ ಪಕ್ಕದ ವಠಾರದ ಮೇಲೆ ಬಿದ್ದಿತು ಎನ್ನಿ. ಆಗ ಎಡಗಾಲಿನ ಪಾಲು ಎಷ್ಟು? ಐದರಲ್ಲಿ ಒಂದೇ? ಏನೂ ಇಲ್ಲವೇ? ಅಥವಾ ಪೂರ್ತಿಯೇ?

ಮಕ್ಕಳ ಕಾರ್ಟೂನಿಗೆ ಇದು ತೀರ ಭಾರವಾದ ಪ್ರಶ್ನೆ ಅನ್ನಿಸಬಹುದು. ಆದರೆ ಹಲವರು ಸೇರಿ ಒಬ್ಬರಾಗುವುದು ಎಂದರೇನು ಎಂಬ ಪ್ರಶ್ನೆಯನ್ನು ಈ ಕಾರ್ಟೂನುಗಳಷ್ಟು ಬಿಚ್ಚಿ ತೋರಿಸುವ ಮಾದರಿ ನನಗೆ ಬೇರೆ ಸಿಕ್ಕಿಲ್ಲ. ಸರ್ಕಾರ, ಸಂಘ, ಕಂಪನಿ, ಸಮಿತಿ, ಗುಂಪು ಇವೆಲ್ಲವೂ ಕೂಡುಗೂಳಿಗಳೇ. ಅವುಗಳ ಕೀಲುಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ, ರೋಬೋಗಳದ್ದು ಬೀಳುತ್ತವೆ.

*

ಮೊದಲಿಗೆ ದೈತ್ಯನೊಳಗೆ ಒಬ್ಬನೇ ಇದ್ದ. 1972ರಲ್ಲಿ ಜಪಾನಿನ ಟಿವಿಗೆ ಬಂದ ಗೋ ನಾಗಾಯಿಯವರ ‘ಮಾಝಿಂಗರ್ ಝಡ್’ನಲ್ಲಿ ಕೋಜಿ ಎಂಬ ಹುಡುಗ ರೋಬೋದ ತಲೆಯೊಳಗೆ ಕೂತು ಅದನ್ನು ನಡೆಸುತ್ತಾನೆ. ಯಂತ್ರ ಕಟ್ಟಿದ ಅಜ್ಜ ಸಾಯುವ ಮುಂಚೆ ಅವನಿಗೆ ಹೇಳುವ ಮಾತಿನ ಸಾರ ಇಷ್ಟು: ಇದು ನಿನ್ನ ಕೈಯಲ್ಲಿದ್ದರೆ ನೀನು ದೇವರೂ ಆಗಬಹುದು, ದೆವ್ವವೂ ಆಗಬಹುದು. ಇಲ್ಲಿ ನೈತಿಕ ಲೆಕ್ಕ ಸರಳ. ಶಕ್ತಿ ಒಬ್ಬನದು, ಆಯ್ಕೆ ಒಬ್ಬನದು, ಹೊಣೆಯೂ ಒಬ್ಬನದು.

ಎರಡೇ ವರ್ಷದಲ್ಲಿ ಈ ಸರಳತೆ ಹೋಯಿತು. 1974ರಲ್ಲಿ ನಾಗಾಯಿ ಮತ್ತು ಕೆನ್ ಇಶಿಕಾವಾ ಸೇರಿ ‘ಗೆಟರ್ ರೋಬೋ’ ತಂದರು. ಮೂರು ವಿಮಾನ, ಮೂವರು ಚಾಲಕರು, ಮೂರೂ ಸೇರಿ ಒಂದು ದೈತ್ಯ. 1976ರ ‘ಕಾಂಬ್ಯಾಟ್ಲರ್ ವಿ’ಯಲ್ಲಿ ಮೂರು ಐದಾಯಿತು. 1981ರಲ್ಲಿ ‘ಗೋಲಯನ್’ ಬಂತು. ಅದನ್ನು ಅಮೆರಿಕದವರು ಕತ್ತರಿಸಿ, ಹೊಸ ಮಾತು ಕೂಡಿಸಿ, 1984ರಲ್ಲಿ ‘ವೋಲ್ಟ್ರಾನ್’ ಎಂದು ಪ್ರಸಾರ ಮಾಡಿದರು. 1981ರಲ್ಲೇ, ನಟರು ಬಣ್ಣಬಣ್ಣದ ದಿರಿಸು ತೊಟ್ಟು ಹೋರಾಡುವ ‘ಸೂಪರ್ ಸೆಂಟಾಯ್’ ಸರಣಿಗೂ ‘ಸನ್ ವಲ್ಕನ್’ ಮೂಲಕ ಕೂಡುವ ರೋಬೋ ಬಂತು. ಅದೇ ಸರಣಿಯಲ್ಲಿ 1992ರಲ್ಲಿ ಬಂದ ‘ಝ್ಯುರೇಂಜರ್’ನ ದೃಶ್ಯಗಳನ್ನು ಬಳಸಿಕೊಂಡು 1993ರಲ್ಲಿ ಅಮೆರಿಕದಲ್ಲಿ ‘ಪವರ್ ರೇಂಜರ್ಸ್’ ಹುಟ್ಟಿತು. ನಮ್ಮ ತಲೆಮಾರಿನ ಅನೇಕರಿಗೆ ಈ ಲೋಕದ ಪರಿಚಯವಾದದ್ದು ಅದರಿಂದಲೇ.

ಜಪಾನೀಯರದ್ದು ಗುಂಪಿನ ಸಂಸ್ಕೃತಿ, ಅದಕ್ಕೇ ಅವರಿಗೆ ಇಂಥ ಕಲ್ಪನೆ ಬಂತು ಎಂದು ಹೇಳಿ ಮುಗಿಸಿಬಿಡುವವರಿದ್ದಾರೆ. ಒಂಟಿ ಸವಾರನ ಮಾಝಿಂಗರ್ ಕೂಡ ಅಲ್ಲಿಯದೇ ಎಂಬುದನ್ನು ಅವರು ಮರೆಯುತ್ತಾರೆ. ಆಟಿಕೆಯ ಮಾರುಕಟ್ಟೆಯೂ ಇಲ್ಲೊಂದು ಕಾರಣವಾಗಿತ್ತು. ಗೆಟರ್ ರೋಬೋ ಕೂಡುವ ಬಗೆ ಕಾಗದದ ಮೇಲೆ ಮಾತ್ರ ಸಾಧ್ಯವಿತ್ತು. ಲೋಹ ರಬ್ಬರಿನಂತೆ ಹಿಗ್ಗಿ, ಕುಗ್ಗಿ ಆಕಾರ ಬದಲಿಸುತ್ತಿತ್ತು. ಕಾಂಬ್ಯಾಟ್ಲರ್ ಹಾಗಲ್ಲ. ಮಗುವಿನ ಕೈಯಲ್ಲಿ ನಿಜವಾಗಿಯೂ ಕೂಡುವಂತೆ, ಬಿಡಿಸುವಂತೆ ಅದನ್ನು ರೂಪಿಸಲಾಗಿತ್ತು. ಐದು ತುಂಡು ಎಂದರೆ ಐದು ಮಾರಾಟ ಎಂಬ ವ್ಯಾಪಾರದ ಲೆಕ್ಕವೂ ಅದರಲ್ಲಿತ್ತು. ಆದರೆ ವ್ಯಾಪಾರಕ್ಕೆ ಹುಟ್ಟಿದ ಆ ಕೀಲುಗಳು ಕಥೆಗಾರರನ್ನು ಒಂದು ಪ್ರಶ್ನೆಗೆ ಉತ್ತರಿಸುವಂತೆ ಮಾಡಿದವು. ಕೂಡಿದ ಮೇಲೆ ಒಳಗೆ ಯಾರಿರುತ್ತಾರೆ?

ಉತ್ತರಗಳು ಒಂದೇ ಥರ ಇಲ್ಲ. ಅದೇ ಈ ಹೋಲಿಕೆಯ ಸ್ವಾರಸ್ಯ.

ಗೆಟರ್ ರೋಬೋದಲ್ಲಿ ಕೂಡುವ ಕ್ರಮ ಬದಲಾದಂತೆ ದೈತ್ಯನೂ ಬದಲಾಗುತ್ತಾನೆ. ರ್‍ಯೋನ ವಿಮಾನ ಮುಂದಿದ್ದರೆ ಹಾರುವ ಗೆಟರ್-1. ಹಯಾತೋನದು ಮುಂದಿದ್ದರೆ ನೆಲದ ಮೇಲೆ ಓಡುವ, ನೆಲ ಕೊರೆಯುವ ಗೆಟರ್-2. ಮುಸಾಶಿಯದು ಮುಂದಿದ್ದರೆ ನೀರಿಗಿಳಿಯುವ ಗೆಟರ್-3. ಯಾರ ವಿಮಾನ ತಲೆಯಾಗುತ್ತದೋ ಅವನದು ಹಿಡಿತ, ಉಳಿದಿಬ್ಬರು ಅವನ ಒಡಲು. ಇದು ಸರದಿಯ ಮಾದರಿ.

ಕಾಂಬ್ಯಾಟ್ಲರ್‌ನಲ್ಲಿ ಕೂಡಬೇಕಾದರೆ ಐವರ ಮಿದುಳಿನ ತರಂಗಗಳು ಹೊಂದಿಕೆಯಾಗಬೇಕು. ಒಬ್ಬ ಸಿಟ್ಟಿನಲ್ಲಿದ್ದರೂ, ಪ್ರಜ್ಞೆ ತಪ್ಪಿದ್ದರೂ ದೈತ್ಯ ಏಳಲಾರ. ಇದು ಒಮ್ಮತದ ಮಾದರಿ. ವೋಲ್ಟ್ರಾನ್‌ನಲ್ಲಿ ತಲೆ ಯಾವತ್ತೂ ಕಪ್ಪು ಸಿಂಹವೇ. ಅದರಲ್ಲಿ ಕೂತವನೇ ನಾಯಕ, ಉಳಿದವರು ಅಂಗಗಳು. ಝ್ಯುರೇಂಜರ್‌ನಲ್ಲಿ ಐದು ರಕ್ಷಕ ಪ್ರಾಣಿಗಳು ಸೇರಿ ಆಗುವ ದಾಯ್‌ಝ್ಯುಜಿನ್ ಯಂತ್ರವೇ ಅಲ್ಲ, ತನ್ನದೇ ಮನಸ್ಸು ಮಾತು ಇರುವ ದೇವರು. ಒಳಗಿರುವ ಐವರು ಅವನ ಚಾಲಕರು ಎನ್ನುವುದಕ್ಕಿಂತ ಭಕ್ತರು ಎನ್ನುವುದೇ ಸರಿ. ಅದೇ ದೃಶ್ಯಗಳು ಅಮೆರಿಕಕ್ಕೆ ಹೋದಾಗ ದೇವರು ಕಳಚಿಬಿದ್ದು ‘ಮೆಗಾಝಾರ್ಡ್’ ಎಂಬ ಯುದ್ಧಯಂತ್ರ ಉಳಿಯಿತು.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ‘ಟ್ರಾನ್ಸ್‌ಫಾರ್ಮರ್ಸ್’ನ ಡೆವಸ್ಟೇಟರ್. ಅಲ್ಲಿ ಚಾಲಕರಿಲ್ಲ, ರೋಬೋಗಳೇ ಜೀವಿಗಳು. ಬುಲ್ಡೋಜರ್, ಕ್ರೇನ್ ಮುಂತಾದ ರೂಪ ತಾಳುವ ಆರು ಜನ ಸೇರಿ ಒಬ್ಬ ದೈತ್ಯನಾಗುತ್ತಾರೆ. ಮೈ ಮಾತ್ರವಲ್ಲ, ಮನಸ್ಸುಗಳೂ ಕೂಡುತ್ತವೆ. ಬಿಡಿಯಾಗಿದ್ದಾಗ ಅವರಲ್ಲಿ ಜಾಣರಿದ್ದಾರೆ. ಕೂಡಿದಾಗ ಹುಟ್ಟುವವನು ಮಾತ್ರ ಮಂದಬುದ್ಧಿಯವನು, ಸಿಕ್ಕಿದ್ದನ್ನೆಲ್ಲ ಪುಡಿಮಾಡುವುದಷ್ಟೇ ಅವನಿಗೆ ಗೊತ್ತು. ಆಟಿಕೆಯ ಜೊತೆ ಅಚ್ಚಾಗಿದ್ದ ಪರಿಚಯದಲ್ಲಿ ಇದಕ್ಕೊಂದು ಕಾರಣವೂ ಇತ್ತು: ಆರೂ ಮನಸ್ಸುಗಳು ಒಪ್ಪುವ ಯೋಚನೆಯನ್ನು ಮಾತ್ರ ಅವನು ಮಾಡಬಲ್ಲ. ಆರು ಜನ ಪೂರ್ತಿ ಒಪ್ಪುವ ವಿಷಯಗಳು ಎಷ್ಟಿದ್ದಾವು? ಹೊಡೆ ಎಂಬುದೊಂದು ಇದ್ದೀತು. ಒಮ್ಮತಕ್ಕೆ ಬೇಕಾದ ಯೋಚನೆ ಸಣ್ಣದಾದಷ್ಟೂ ಕೂಡುವುದು ಸುಲಭ. ಬೀದಿಯಲ್ಲಿ ಗುಂಪು ಸೇರಿದಾಗ, ಒಬ್ಬೊಬ್ಬರಾಗಿ ಮಾತಾಡಿಸಿದರೆ ಸಮಾಧಾನವಾಗಿಯೇ ಮಾತಾಡುವ ಜನ ಏನಾಗಿಬಿಡುತ್ತಾರೆ ಎಂಬುದನ್ನು ಕಂಡವರಿಗೆ ಡೆವಸ್ಟೇಟರ್ ಕಟ್ಟುಕಥೆ ಅನ್ನಿಸಲಾರ.

*

ಹಾಗಿದ್ದರೆ ಒಳಗೆ ಜಗಳವಾಡಿ, ಮತ ಹಾಕಿ ನಡೆಯುವ ದೈತ್ಯ ಉತ್ತಮನೇ? ಇಲ್ಲೂ ಒಂದು ತೊಡಕಿದೆ. ಕ್ರಿಶ್ಚಿಯನ್ ಲಿಸ್ಟ್ ಮತ್ತು ಫಿಲಿಪ್ ಪೆಟಿಟ್ ಎಂಬ ಚಿಂತಕರು 2011ರ ‘ಗ್ರೂಪ್ ಏಜೆನ್ಸಿ’ ಪುಸ್ತಕದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಅದನ್ನು ನಮ್ಮ ಮೂವರು ಗೆಟರ್ ಚಾಲಕರ ಮೇಲೆ ಕೂರಿಸಿ ನೋಡೋಣ. ಸನ್ನಿವೇಶ ನಾನು ಕಟ್ಟಿದ್ದು, ಕಾರ್ಟೂನಿನದಲ್ಲ.

ಎದುರಿಗೊಂದು ಕಾರ್ಖಾನೆ. ಶತ್ರು ಅದರೊಳಗೆ ಅಡಗಿರಬೇಕು ಎಂಬ ಅನುಮಾನ. ಏಟು ಹಾಕಬೇಕಾದರೆ ಎರಡು ಸಂಗತಿ ಖಚಿತವಾಗಬೇಕು: ಶತ್ರು ಒಳಗಿದ್ದಾನೆಯೇ, ಕೆಲಸಗಾರರು ಹೊರಗೆ ಬಂದಿದ್ದಾರೆಯೇ. ಎರಡಕ್ಕೂ ಹೌದು ಎಂದಾದರೆ ಮಾತ್ರ ಏಟು. ರ್‍ಯೋ ಎರಡಕ್ಕೂ ಹೌದು ಅನ್ನುತ್ತಾನೆ. ಹಯಾತೋ, ಶತ್ರುವೇನೋ ಇದ್ದಾನೆ, ಆದರೆ ಕೆಲಸಗಾರರು ಇನ್ನೂ ಒಳಗಿದ್ದಾರೆ ಅನ್ನುತ್ತಾನೆ. ಮುಸಾಶಿ, ಕೆಲಸಗಾರರು ಹೊರಗೆ ಬಂದಾಯಿತು, ಆದರೆ ಶತ್ರು ಅಲ್ಲಿಲ್ಲ ಅನ್ನುತ್ತಾನೆ. ಈಗ ಹೊಡೆಯೋಣವೇ ಎಂದು ನೇರವಾಗಿ ಕೇಳಿದರೆ ಇಬ್ಬರು ಬೇಡ ಅನ್ನುತ್ತಾರೆ, ಒಬ್ಬ ಬೇಕು ಅನ್ನುತ್ತಾನೆ. ಏಟಿಲ್ಲ. ಆದರೆ ಒಂದೊಂದೇ ಸಂಗತಿಗೆ ಮತ ಹಾಕಿಸಿ. ಶತ್ರು ಒಳಗಿದ್ದಾನೆಯೇ? ಇಬ್ಬರು ಹೌದು. ಕೆಲಸಗಾರರು ಹೊರಗಿದ್ದಾರೆಯೇ? ಮತ್ತೆ ಇಬ್ಬರು ಹೌದು. ಎರಡೂ ಷರತ್ತು ಬಹುಮತದಿಂದ ಪೂರೈಸಿತು. ಏಟು ಬೀಳುತ್ತದೆ.

ಯಾರೂ ಮೋಸ ಮಾಡಲಿಲ್ಲ, ಯಾರೂ ಮತ ಬದಲಿಸಲಿಲ್ಲ. ಮೂವರಲ್ಲಿ ಇಬ್ಬರಿಗೆ ಬೇಡವಾಗಿದ್ದ ಏಟು ಕಾರ್ಖಾನೆಯ ಮೇಲೆ ಬಿತ್ತು, ಅದೂ ತಕ್ಕ ಕಾರಣಗಳ ಸಮೇತ. ಗುಂಪಿಗೆ ತನ್ನದೇ ಆದ ಒಂದು ತೀರ್ಮಾನ ಹುಟ್ಟಿತು, ಅದು ಸದಸ್ಯರ ತೀರ್ಮಾನಗಳನ್ನು ಎಣಿಸಿದರೆ ಸಿಗುವಂಥದ್ದಲ್ಲ. ಹಾಗಾಗಿಯೇ ಲಿಸ್ಟ್ ಮತ್ತು ಪೆಟಿಟ್, ಸರಿಯಾಗಿ ಸಂಘಟಿತವಾದ ಗುಂಪನ್ನು ಅದರ ಸದಸ್ಯರಿಗಿಂತ ಬೇರೆಯಾದ ಒಬ್ಬ ಕರ್ತೃ ಎಂದೇ ಪರಿಗಣಿಸಬೇಕು, ಅದನ್ನೂ ಹೊಣೆ ಮಾಡಬೇಕು ಎನ್ನುತ್ತಾರೆ.

ಈ ವಾದ ನನಗೆ ಒಪ್ಪಿಗೆ. ಆದರೆ ಅದು ಬಾಗಿಲನ್ನು ಸ್ವಲ್ಪ ತೆರೆದಿಡುತ್ತದೆ, ಆ ಸಂದಿನಲ್ಲಿ ನುಸುಳುವವರು ಬಹಳ. ದೈತ್ಯ ಬೇರೆ ಕರ್ತೃ ಎಂದಾದರೆ, ಅವನೇ ಮಾಡಿದ, ನಾನಲ್ಲ ಎಂದು ಕಾಲು ಹೇಳಬಹುದಲ್ಲ?

ನಮ್ಮಲ್ಲಿ ಇದನ್ನು ಹೇಳಲು ಒಂದು ವ್ಯಾಕರಣವೇ ಸಿದ್ಧವಾಗಿದೆ. ಮನೆಯಲ್ಲಿ, ಬೀದಿಯಲ್ಲಿ ನಾವು ಆಡುವ ಕನ್ನಡದಲ್ಲಿ ಕರ್ಮಣಿ ಪ್ರಯೋಗ ಅಪರೂಪ. ‘ನನ್ನಿಂದ ಅನ್ನ ಉಣ್ಣಲ್ಪಟ್ಟಿತು’ ಎಂದು ಯಾರೂ ಅನ್ನುವುದಿಲ್ಲ. ಆದರೆ ಕಚೇರಿಯ ಪತ್ರ ತೆರೆಯಿರಿ: ‘ಪರಿಶೀಲಿಸಲಾಗಿದೆ’, ‘ತೀರ್ಮಾನಿಸಲಾಗಿದೆ’, ‘ತಿರಸ್ಕರಿಸಲಾಗಿದೆ’. ಯಾರು ಪರಿಶೀಲಿಸಿದರು, ಯಾರು ತಿರಸ್ಕರಿಸಿದರು? ಆ ವಾಕ್ಯದಲ್ಲಿ ಅವರಿಗೆ ಜಾಗವೇ ಇಲ್ಲ. ‘-ಲಾಗಿದೆ’ ಎಂಬುದು ಕೂಡಿದ ದೈತ್ಯನ ಭಾಷೆ.

ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದ ಗೆಳತಿಯೊಬ್ಬಳು ತಂದೆಯ ಕಾಯಿಲೆಯ ಕಾರಣಕ್ಕೆ ಆರು ತಿಂಗಳ ಕಾಲಾವಕಾಶ ಕೇಳಿದ್ದಳು. ಐದು ಜನರ ಸಮಿತಿ ಕೂತು ಅರ್ಜಿ ನೋಡಿತು. ಒಂದು ಸಾಲಿನ ಪತ್ರ ಬಂತು, ‘ಪುರಸ್ಕರಿಸಲಾಗಿಲ್ಲ’ ಎಂದು. ಅವಳು ಛಲ ಬಿಡದೆ ಐವರನ್ನೂ ಒಬ್ಬೊಬ್ಬರಾಗಿ ಹೋಗಿ ಕಂಡಳು. ಎಲ್ಲರೂ ಕೂರಿಸಿ ಮಾತಾಡಿಸಿದರು. ಒಬ್ಬರು ಚಹಾ ತರಿಸಿದರಂತೆ. ‘ನಂದೇನೂ ಅಭ್ಯಂತರ ಇರಲಿಲ್ಲಮ್ಮ, ಕಮಿಟಿ ಡಿಸಿಷನ್ ಅದು’ ಎಂಬ ಮಾತನ್ನು ಅವಳು ಐದು ಸಲ ಕೇಳಿಸಿಕೊಂಡು ಬಂದಳು. ಐವರೂ ನಿಜ ಹೇಳಿರಬಹುದು. ಮೇಲಿನ ಲೆಕ್ಕ ನೋಡಿದ ನಮಗೆ ಅದು ಅಸಾಧ್ಯವೇನಲ್ಲ ಎಂದು ಗೊತ್ತು. ಆದರೆ ಅವಳ ಆರು ತಿಂಗಳು ಹೋದದ್ದಂತೂ ಹೋಯಿತು. ಬಡಿದವರಿಲ್ಲದ ಏಟೊಂದು ಬಿದ್ದಿತ್ತು.

‘ನಾವು’ ಎಂಬ ಸರ್ವನಾಮದ ವಿಚಾರವೂ ಇದೆ. ತುಳುವಿನಲ್ಲಿ ‘ನಮ’ ಎಂದರೆ ಕೇಳುತ್ತಿರುವ ನೀನೂ ಸೇರಿದಂತೆ ನಾವು. ‘ಎಂಕುಲು’ ಎಂದರೆ ನಿನ್ನನ್ನು ಬಿಟ್ಟು ನಾವು. ತಮಿಳಿನಲ್ಲಿ, ತೆಲುಗಿನಲ್ಲಿ ಕೂಡ ಈ ಭೇದ ಉಂಟು. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ‘ನಾವು ಗೆದ್ದೆವು’ ಎನ್ನುವಾಗ ಎಡಗಾಲು ಅದರೊಳಗಿರುತ್ತದೆ. ‘ನಾವು ಹೊಡೆದೆವು’ ಎಂದಾಗ ಸದ್ದಿಲ್ಲದೆ ಹೊರಗೆ ಜಾರುತ್ತದೆ. ಭಾಷೆ ಆ ಜಾರುವಿಕೆಯನ್ನು ಹಿಡಿದುಕೊಡುವುದಿಲ್ಲ, ನಾವೇ ಹಿಡಿಯಬೇಕು.

*

ರೋಬೋಗಳಿಗಿಂತ ಮುನ್ನೂರು ವರ್ಷ ಮೊದಲೇ ಜನರಿಂದಾದ ದೈತ್ಯನ ಚಿತ್ರವೊಂದು ಅಚ್ಚಾಗಿತ್ತು. ಥಾಮಸ್ ಹಾಬ್ಸ್‌ನ ‘ಲೆವಯಥನ್’ 1651ರಲ್ಲಿ ಪ್ರಕಟವಾದಾಗ ಅದರ ಮುಖಚಿತ್ರದಲ್ಲಿ, ಬೆಟ್ಟಗಳ ಹಿಂದಿನಿಂದ ಕಿರೀಟಧಾರಿಯೊಬ್ಬ ಎದ್ದು ನಿಂತಿದ್ದಾನೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಿಷಪ್‌ನ ದಂಡ. ಹತ್ತಿರದಿಂದ ನೋಡಿದರೆ ಅವನ ಮೈಯೆಲ್ಲ ನೂರಾರು ಸಣ್ಣ ಮನುಷ್ಯರಿಂದ ಆಗಿದೆ. ಎಲ್ಲರೂ ನಮಗೆ ಬೆನ್ನು ಹಾಕಿ ಅವನ ಮುಖವನ್ನೇ ನೋಡುತ್ತಿದ್ದಾರೆ. ಅವನಿಗೆ ಕಾಲುಗಳು ಕಾಣುವುದಿಲ್ಲ, ಬೆಟ್ಟ ಮರೆಮಾಡಿದೆ.

ಹಾಬ್ಸ್‌ನ ವಾದದಲ್ಲಿ ಎಡಗಾಲಿನ ಪಾಲು ಪೂರ್ತಿ. ಒಪ್ಪಂದ ಮಾಡಿಕೊಂಡು ದೊರೆಯನ್ನು ಎತ್ತಿ ನಿಲ್ಲಿಸಿದ ಮೇಲೆ ಅವನು ಮಾಡುವ ಪ್ರತಿಯೊಂದು ಕೆಲಸಕ್ಕೂ ಪ್ರತಿಯೊಬ್ಬ ಪ್ರಜೆಯೂ ಕರ್ತೃ. ಕೇಳುವುದಕ್ಕೆ ಇದು ಬಹಳ ಗಂಭೀರವಾದ ಹೊಣೆಗಾರಿಕೆಯಂತಿದೆ. ಆದರೆ ಹಾಬ್ಸ್ ಅದರಿಂದ ಎಳೆಯುವ ನಿರ್ಣಯ ಬೇರೆ: ದೊರೆ ಮಾಡಿದ್ದೆಲ್ಲ ನಿನ್ನದೇ ಕೆಲಸ, ಹಾಗಾಗಿ ಅವನು ನಿನಗೆ ಅನ್ಯಾಯ ಮಾಡಿದ ಎಂದು ದೂರುವಂತಿಲ್ಲ. ಜೀವಕ್ಕೇ ಕುತ್ತು ಬಂದಾಗ ತಪ್ಪಿಸಿಕೊಳ್ಳುವ ಹಕ್ಕೊಂದನ್ನು ಉಳಿಸಿ, ಮಿಕ್ಕಂತೆ ಕೀಲನ್ನು ಬೆಸುಗೆ ಹಾಕಿಬಿಡುತ್ತಾನೆ. ಹೊಣೆ ಪೂರ್ತಿ, ಮಾತು ಸೊನ್ನೆ.

ನಮ್ಮ ‘ದೇವೀಮಾಹಾತ್ಮ್ಯ’ದಲ್ಲೂ ಕೂಡುವಿಕೆಯ ಕಥೆಯಿದೆ. ಮಹಿಷಾಸುರನಿಗೆ ಸೋತ ದೇವತೆಗಳ ಮೈಯಿಂದ ಹೊರಟ ತೇಜಸ್ಸೆಲ್ಲ ಒಟ್ಟಾಗಿ ದೇವಿಯಾಗುತ್ತದೆ. ಯಾವ ಅಂಗ ಯಾರಿಂದ ಬಂತೆಂದು ಅಲ್ಲಿ ಲೆಕ್ಕವಿಟ್ಟು ಹೇಳಿದೆ: ಮುಖ ಶಿವನ ತೇಜಸ್ಸಿನಿಂದ, ತೋಳುಗಳು ವಿಷ್ಣುವಿನಿಂದ, ಕೂದಲು ಯಮನಿಂದ, ಪಾದಗಳು ಬ್ರಹ್ಮನಿಂದ. ಮುಂದೆ ಶುಂಭಾಸುರ ಅವಳನ್ನು ಹಂಗಿಸುತ್ತಾನೆ, ನೀನು ಕಾದುವುದು ಬೇರೆಯವರ ಬಲದಿಂದ ಎಂದು. ಆಗ ಅವಳು, ನಾನಲ್ಲದೆ ಇಲ್ಲಿ ಇನ್ನೊಬ್ಬರು ಯಾರಿದ್ದಾರೆ ಎಂದು ಕೇಳಿ ಉಳಿದ ಶಕ್ತಿಗಳನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುತ್ತಾಳೆ. ದೇವಿಯ ಬಾಯಲ್ಲಿ ಆ ಮಾತು ದರ್ಶನ. ಆದರೆ ಮನುಷ್ಯರು ಕಟ್ಟಿಕೊಂಡ ಸಂಸ್ಥೆಯೊಂದು ‘ಇಲ್ಲಿ ಇನ್ನೊಬ್ಬರಿಲ್ಲ, ನಾನೊಬ್ಬನೇ’ ಎಂದರೆ ಒಳಗಿರುವವರು ಎಚ್ಚರಗೊಳ್ಳಬೇಕು. ಝ್ಯುರೇಂಜರ್‌ನ ದೇವರು-ರೋಬೋ ಮಕ್ಕಳ ಕಥೆಗೆ ಚೆಂದ, ಸರ್ಕಾರಕ್ಕೆ ಮಾದರಿಯಾಗಲಾರ.

ಕೂಡು ರೋಬೋಗಳಿಗೂ ಹಾಬ್ಸ್‌ನ ದೈತ್ಯನಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇವು ಬಿಡಿಸಿಕೊಳ್ಳುತ್ತವೆ. ಯುದ್ಧ ಮುಗಿದ ಮೇಲೆ ಐದು ಸಿಂಹಗಳು ಮತ್ತೆ ಐದಾಗುತ್ತವೆ. ನೈತಿಕವಾಗಿ ನೋಡಿದರೆ ಕೂಡುವ ದೃಶ್ಯಕ್ಕಿಂತ, ಯಾವ ಸಂಗೀತವೂ ಇಲ್ಲದ ಈ ಬಿಡಿಸಿಕೊಳ್ಳುವ ಗಳಿಗೆಯೇ ಮುಖ್ಯವಾದದ್ದು.

*

ಪಾಲಿನ ಪ್ರಶ್ನೆಗೆ ಮರಳೋಣ. ಹೊಣೆಯನ್ನು ಆಸ್ತಿಯಂತೆ ಭಾಗ ಮಾಡಬಹುದು ಎಂಬ ಊಹೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಐವರಿದ್ದರೆ ಐದರಲ್ಲೊಂದು ಪಾಲು, ಐನೂರು ಜನರಿದ್ದರೆ ಐನೂರರಲ್ಲೊಂದು, ಅಂದರೆ ಹೆಚ್ಚುಕಮ್ಮಿ ಏನೂ ಇಲ್ಲ. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರೂ ನಿರಪರಾಧಿಯಾಗುತ್ತ ಹೋಗುವ ವಿಚಿತ್ರ ಲೆಕ್ಕವಿದು.

ನಮ್ಮ ಕಾನೂನು ಈ ಲೆಕ್ಕವನ್ನು ಒಪ್ಪಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ, ಹಲವರು ಜಂಟಿಯಾಗಿ ಮಾತು ಕೊಟ್ಟಿದ್ದರೆ, ಬೇರೆ ಷರತ್ತು ಇಲ್ಲದಿದ್ದ ಪಕ್ಷದಲ್ಲಿ, ಅವರಲ್ಲಿ ಯಾರೊಬ್ಬನಿಂದ ಬೇಕಾದರೂ ಪೂರ್ತಿಯನ್ನು ವಸೂಲು ಮಾಡಬಹುದು. ಕೊಟ್ಟವನು ಆಮೇಲೆ ಉಳಿದವರ ಹತ್ತಿರ ಅವರವರ ಪಾಲು ಕೇಳಿಕೊಳ್ಳಲಿ. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಕೈ ಸುಟ್ಟುಕೊಂಡವರನ್ನು ಕಂಡ ಯಾರಿಗೂ ಈ ತರ್ಕ ಹೊಸದಲ್ಲ. ‘ನಂದು ಬರೀ ಸಹಿ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಕಾಕತಾಳೀಯ ಕೇಳಿ. 1860ರ ದಂಡ ಸಂಹಿತೆಯ 141ನೇ ಕಲಮಿನಲ್ಲಿ ಅಕ್ರಮ ಕೂಟ ಎನ್ನಿಸಿಕೊಳ್ಳಲು ಕನಿಷ್ಠ ಎಷ್ಟು ಜನ ಬೇಕು ಗೊತ್ತೇ? ಐದು. ಅಂಥ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಅಪರಾಧ ಮಾಡಿದರೂ ಪ್ರತಿಯೊಬ್ಬ ಸದಸ್ಯನೂ ಅದರ ಅಪರಾಧಿ ಎನ್ನುತ್ತಿತ್ತು 149ನೇ ಕಲಮು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 189 ಮತ್ತು 190ನೇ ಕಲಮುಗಳಲ್ಲೂ ಐದೆಂಬ ಸಂಖ್ಯೆ ಹಾಗೆಯೇ ಉಳಿದಿದೆ. ಕತ್ತಿ ಬೀಸಿದ ಕೈ ಯಾವುದೇ ಇರಲಿ, ನಿಂತ ಕಾಲಿಗೂ ಪೂರ್ತಿ ಪಾಲು.

ಈ ತತ್ವಕ್ಕೆ ಅಪಾಯವೂ ಇದೆ. ಸುಮ್ಮನೆ ನೋಡಲು ಬಂದು ನಿಂತವನನ್ನೂ ಅದೇ ಬಲೆಯಲ್ಲಿ ಹಿಡಿದು ಹಾಕಬಹುದು. ಆದ್ದರಿಂದಲೇ ‘ಸಮಾನ ಉದ್ದೇಶ’ ಎಂಬ ಮಾತು ಅಲ್ಲಿ ಇರುವುದು. ಗುಂಪಿನ ಹತ್ತಿರ ಇದ್ದ ಮಾತ್ರಕ್ಕೆ ಯಾರೂ ಗುಂಪಿನ ಕಾಲಾಗುವುದಿಲ್ಲ. ಕಾಲಾಗಲು ಕೊಂಡಿ ಹಾಕಿಕೊಂಡಿರಬೇಕು, ಯಾತಕ್ಕೆ ಹಾಕಿಕೊಂಡೆ ಎಂದು ಗೊತ್ತಿರಬೇಕು, ಕಳಚಿಕೊಳ್ಳುವ ಅವಕಾಶವೂ ಇರಬೇಕು. ಈ ಮೂರೂ ಇದ್ದಲ್ಲಿ ಪಾಲು ಪೂರ್ತಿಯೇ. ಹಾಬ್ಸ್‌ನ ಪ್ರಜೆಗೂ ವೋಲ್ಟ್ರಾನ್‌ನ ಹಳದಿ ಸಿಂಹದವನಿಗೂ ಇರುವ ಅಂತರ ಇದು. ಬೆಸುಗೆ ಹಾಕಿಸಿಕೊಂಡವನಿಂದ ಲೆಕ್ಕ ಕೇಳುವುದು ಕ್ರೌರ್ಯ. ಕೀಲು ತನ್ನ ಕೈಯಲ್ಲಿದ್ದವನಿಂದ ಕೇಳದೇ ಇರುವುದು ಅನ್ಯಾಯ.

ಒಂದು ಆಕ್ಷೇಪ ಬರುತ್ತದೆ. ಹೋರಾಟದ ನಡುವೆ ಎಡಗಾಲು ಕಳಚಿಕೊಂಡರೆ ದೈತ್ಯ ಬೀಳುತ್ತಾನೆ, ಉಳಿದ ನಾಲ್ವರೂ ಸಾಯಬಹುದು, ಕೆಳಗಿನ ಊರೂ ಹಾಳಾದೀತು. ನಿಜ. ತತ್ವಜ್ಞಾನಿ ಮಾರ್ಗರೆಟ್ ಗಿಲ್ಬರ್ಟ್ ಇಬ್ಬರು ಜೊತೆಯಾಗಿ ವಾಕಿಂಗ್ ಹೋಗುವ ಉದಾಹರಣೆಯಿಂದ ಇದನ್ನು ವಿವರಿಸುತ್ತಾರೆ. ಪಕ್ಕಪಕ್ಕದಲ್ಲಿ ನಡೆಯುವುದು ಬೇರೆ, ಜೊತೆಗೆ ನಡೆಯುವುದು ಬೇರೆ. ಜೊತೆಗೆ ಎಂದ ಮೇಲೆ ಒಬ್ಬರು ಹೇಳದೆ ಕೇಳದೆ ತಿರುಗಿ ಹೋದರೆ ಇನ್ನೊಬ್ಬರಿಗೆ ಆಕ್ಷೇಪಿಸುವ ಹಕ್ಕಿರುತ್ತದೆ. ಹಾಗೆಂದು ಜೊತೆಗೆ ಬಂದವರು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಬಾರದು ಎಂದೇನಲ್ಲ. ನನ್ನ ದೃಷ್ಟಿಯಲ್ಲಿ, ಜೊತೆಯಾಗಿದ್ದೇವೆ ಎಂಬುದೇ ಕೇಳುವ ಹಕ್ಕನ್ನು ಕೊಡುತ್ತದೆ.

ಹಾಗೆ ನೋಡಿದರೆ ಕಾಂಬ್ಯಾಟ್ಲರ್‌ನ ಒಮ್ಮತಕ್ಕೊಂದು ಕೊರತೆಯಿದೆ. ಅಲ್ಲಿ ಐವರ ಮನಸ್ಸನ್ನೂ ಪರೀಕ್ಷಿಸುವುದು ಕೂಡುವ ಹೊತ್ತಿನಲ್ಲಿ. ಒಮ್ಮೆ ಹೌದು ಎಂದಾದ ಮೇಲೆ ಪ್ರತಿ ಏಟಿಗೂ ಅದೇ ಹೌದನ್ನು ಖರ್ಚು ಮಾಡಲಾಗುತ್ತದೆ. ಐದು ವರ್ಷಕ್ಕೊಮ್ಮೆ ಮತ ಹಾಕಿ ಸುಮ್ಮನಾಗುವ ನಮಗೆ ಇದು ಪರಿಚಿತವೇ. ವೋಲ್ಟ್ರಾನ್‌ನಲ್ಲಿ ತಲೆಗೆ ಕಾಲಿನ ಅನುಭವವೇ ಇಲ್ಲ. ಗೆಟರ್‌ನ ಸರದಿ ಪದ್ಧತಿ ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಅಲ್ಲಿ ತಲೆಯಾದವನು ನೀರಿಗಿಳಿದಾಗ ಒಡಲಾಗುತ್ತಾನೆ. ತನ್ನ ಮೈಯನ್ನು ಇನ್ನೊಬ್ಬರು ನಡೆಸುವಾಗ ಹೇಗಿರುತ್ತದೆ ಎಂಬುದು ಅವನಿಗೆ ಗೊತ್ತು. ನಾಳೆ ತಾನು ಕೆಳಗಿರುತ್ತೇನೆ ಎಂಬ ಅರಿವು ಇವತ್ತಿನ ಆಜ್ಞೆಯ ದನಿಯನ್ನು ಸ್ವಲ್ಪ ತಗ್ಗಿಸುತ್ತದೆ.

ಆ ಸರಣಿಯ ಕೊನೆಯಲ್ಲಿ ಮುಸಾಶಿ ಸಾಯುತ್ತಾನೆ. 1975ರ ಮುಂದಿನ ಸರಣಿಯಲ್ಲಿ ಅವನ ಜಾಗಕ್ಕೆ ಬೆಂಕೇಯ್ ಎಂಬ ಹೊಸಬ ಬರುತ್ತಾನೆ. ಗೋಲಯನ್‌ನಲ್ಲೂ ನೀಲಿ ಸಿಂಹದ ಮೊದಲ ಚಾಲಕ ಸತ್ತು ರಾಜಕುಮಾರಿ ಆ ಜಾಗದಲ್ಲಿ ಕೂರುತ್ತಾಳೆ. ವೋಲ್ಟ್ರಾನ್ ಮಾಡಿದ ಅಮೆರಿಕದವರು ಮಕ್ಕಳಿಗೆ ಸಾವು ತೋರಿಸುವುದು ಬೇಡವೆಂದು, ಅವನು ಚಿಕಿತ್ಸೆಗೆ ಬೇರೆ ಗ್ರಹಕ್ಕೆ ಹೋದ ಎಂದು ಕಥೆ ತಿದ್ದಿದರು. ದೈತ್ಯನಿಗೆ ಇದು ಯಾವುದೂ ತಟ್ಟುವುದಿಲ್ಲ, ಕಾಲಿನ ಜಾಗದಲ್ಲಿ ಒಂದು ಕಾಲಿದ್ದರೆ ಸಾಕು. ಸಂಸ್ಥೆಗಳ ಬಲವೂ ಇದೇ, ಕ್ರೌರ್ಯವೂ ಇದೇ. ಕುರ್ಚಿ ಉಳಿಯುತ್ತದೆ, ಕೂತವರು ಬದಲಾಗುತ್ತಾರೆ. ಹೊಸದಾಗಿ ಬಂದು ಕೂತವರು ಹಿಂದಿನ ಏಟುಗಳಿಗೆ ಅಪರಾಧಿಗಳಲ್ಲ. ಆದರೆ ಹಿಂದೆ ಏಟು ತಿಂದವರು ಬಾಗಿಲಿಗೆ ಬಂದಾಗ, ‘ಆಗ ನಾನಿರಲಿಲ್ಲ’ ಎಂಬಷ್ಟೇ ಉತ್ತರ ಕೊಟ್ಟು ಕಳಿಸುವ ಹಾಗೂ ಇಲ್ಲ. ಕುರ್ಚಿಯ ಬಲ ತೆಗೆದುಕೊಂಡವರು ಅದರ ಸಾಲವನ್ನೂ ತೆಗೆದುಕೊಂಡಿರುತ್ತಾರೆ.

ಆದ್ದರಿಂದ ಎಡಗಾಲಿನಿಂದ ನಾವು ಕೇಳಬಹುದಾದದ್ದು ತೀರ ದೊಡ್ಡ ಸಾಹಸವೇನಲ್ಲ. ಕೂಡುವ ಮುಂಚೆ, ಯಾತಕ್ಕೆ ಎಂದು ಕೇಳುವುದು. ಕೂಡಿದ ಮೇಲೆ, ಕಾಲಿಗೆ ಕಾಣುವುದು ತಲೆಗೆ ಕಾಣದು ಎಂಬುದನ್ನು ನೆನಪಿಟ್ಟು, ಕಂಡದ್ದನ್ನು ಹೇಳುವುದು. ಬೂಟಿನಡಿ ಯಾರದೋ ಮನೆಯಿದೆ ಎಂದು ಮೊದಲು ತಿಳಿಯುವುದು ಕಾಲಿಗೇ. ಬಿಡಿಸಿಕೊಂಡ ಮೇಲೆ, ಲೆಕ್ಕ ಕೇಳಲು ಬಂದವರಿಗೆ ‘ದೈತ್ಯ ಮಾಡಿದ’ ಎನ್ನದೆ ‘ನಾವು ಮಾಡಿದೆವು, ಅದರಲ್ಲಿ ನಾನಿದ್ದೆ’ ಎನ್ನುವುದು. ನನ್ನ ಗೆಳತಿಯ ಅರ್ಜಿ ತಿರಸ್ಕರಿಸಿದ ಐವರಲ್ಲಿ ಒಬ್ಬರಾದರೂ ಈ ಕೊನೆಯ ಮಾತು ಹೇಳಿದ್ದರೆ ಅವಳ ಆರು ತಿಂಗಳು ಮರಳಿ ಬರುತ್ತಿರಲಿಲ್ಲ. ಆದರೆ ಯಾಕೆ ಎಂದು ಕೇಳುವುದಕ್ಕೆ ಅವಳ ಎದುರು ಒಂದು ಮುಖವಾದರೂ ಇರುತ್ತಿತ್ತು.

ಸಾಮಾನ್ಯವಾಗಿ ಈ ಕಾರ್ಟೂನುಗಳು ರಾಕ್ಷಸ ಸತ್ತ ಕೂಡಲೇ ಮುಗಿದುಹೋಗುತ್ತವೆ. ಐವರು ಕೆಳಗಿಳಿದು, ತಮ್ಮ ಕಾಲ್ತುಳಿತಕ್ಕೆ ಸಿಕ್ಕಿದ ಬೀದಿಯಲ್ಲಿ ನಡೆದು, ಇಲ್ಲಿ ಯಾರ ಮನೆಯಿತ್ತು ಎಂದು ವಿಚಾರಿಸುವ ಕಂತನ್ನು ಯಾರೂ ಬರೆಯುವುದಿಲ್ಲ. ಆ ಕಂತಿಗೆ ಆಟಿಕೆ ಮಾರಲಾಗುವುದಿಲ್ಲ. ಆದರೆ ಕೂಡುವುದನ್ನು ಕಲಿಸಿದ ಕಥೆ ಪೂರ್ತಿಯಾಗುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ.